ಹೆಸರು ಕಳೆದುಕೊಂಡ ಓಣಿ

ಮಧ್ಯಾಹ್ನ ಎರಡು ಗಂಟೆಗೆ, ರೊಟ್ಟಿ ಪಲ್ಯದ ಊಟ ಮುಗಿದು, ತಾಟು ತೊಳೆದು ಬೋರಲು ಹಾಕಿದ ಮೇಲೆ ದುಂಡವ್ವ ತನ್ನ ಓಣಿಗೆ ಹೋಗುತ್ತಿದ್ದಳು. ಆ ಓಣಿ ಆಣೆಕಟ್ಟಿನ ಹಿನ್ನೀರಿನ ಕೆಳಗೆ ಮುಳುಗಿ ಮೂವತ್ತನಾಲ್ಕು ವರ್ಷವಾಗಿತ್ತು. ಅಲ್ಲಿಗೆ ಹೋಗಲು ಆಕೆಗೆ ಬೇಕಾದದ್ದು ಒಂದು ಚಾಪೆ, ಒಂದು ದಿಂಬು, ಹಣೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಒಂದು ಪಟ್ಟಿ. ಪಟ್ಟಿ ಕಟ್ಟಿಕೊಂಡು ಎಡಮಗ್ಗುಲಾಗಿ ಮಲಗಿ, ‘ನೀಲೋಣಿ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಮುಗಿಯಿತು. ನಾಲ್ಕು ಉಸಿರು ಎಳೆದು ಬಿಡುವುದರೊಳಗೆ ಆಕೆ ನೂಲು ಅದ್ದುವ ನೀಲಿಬಣ್ಣದ ಬಾನಿಗಳ ನಡುವೆ ನಿಂತಿರುತ್ತಿದ್ದಳು.

ರವಿವಾರ ಮಹಾನಂದಾಳೂ ಜೊತೆಗೆ ಹೋಗುತ್ತಿದ್ದಳು. ಆಕೆ ದುಂಡವ್ವನ ತಮ್ಮನ ಮಗಳು. ಇದೇ ಊರಲ್ಲಿ ಕೆಲಸ ಸಿಕ್ಕಾಗಿನಿಂದ ಅತ್ತೆಯ ಮನೆಯಲ್ಲೇ ಇದ್ದಳು. ಓಣಿಗೆ ನೀರು ನುಗ್ಗಿದ ವರ್ಷ ಹುಟ್ಟಿದವಳಾದ್ದರಿಂದ ನಿಜವಾದ ಓಣಿಯನ್ನು ಆಕೆ ಕಂಡಿರಲಿಲ್ಲ. ಕಂಡದ್ದೆಲ್ಲ ಈ ಮಧ್ಯಾಹ್ನದ್ದೇ. ಆದರೂ ಯಾರಾದರೂ ‘ನಿಮ್ಮೂರು ಯಾವುದು’ ಎಂದರೆ ಆಕೆಯ ಕಣ್ಣ ಮುಂದೆ ಬರುತ್ತಿದ್ದುದು ಪುನರ್ವಸತಿ ಕಾಲೊನಿಯ ಸಿಮೆಂಟು ಮನೆಗಳಲ್ಲ, ಬಿದಿರು ಗಳಗಳ ಮೇಲೆ ಒಣಗುವ ನೀಲಿ ನೂಲು, ಗಟಾರದಲ್ಲಿ ಸಾವಕಾಶವಾಗಿ ಹರಿಯುವ ನೀಲಿ ನೀರು, ಬಾನಿಯೊಳಗೆ ಕಾಲಿಟ್ಟು ಮೊಣಕಾಲ ತನಕ ನೀಲಿಯಾಗಿದ್ದ ಒಂದು ಆಡು.

ಓಣಿಯ ಹತ್ತೊಂಬತ್ತು ಮಂದಿಯ ನೆನಪುಗಳನ್ನು ಹೊಲಿದು ಮಾಡಿದ ಜಾಗ ಅದು. ಯಾರ ನೆನಪು ಗಟ್ಟಿಯೋ ಅವರ ಗೋಡೆ ಗಟ್ಟಿ. ಇಬ್ಬರ ನೆನಪು ಜಗಳಕ್ಕೆ ಬಿದ್ದಲ್ಲಿ ಎರಡೂ ಇರುತ್ತಿದ್ದವು. ಹೀಗಾಗಿ ಒಂದೇ ಬೇವಿನ ಮರ ಓಣಿಯ ಎಡಕ್ಕೂ ನಿಂತಿತ್ತು, ಬಲಕ್ಕೂ ನಿಂತಿತ್ತು; ಗಾಳಿ ಬೀಸಿದರೆ ಎರಡೂ ಒಟ್ಟಿಗೇ ತಲೆದೂಗುತ್ತಿದ್ದವು. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಅರ್ಧ ಮಂದಿ ಈ ನೆರಳಿಗೆ ಕೂತರೆ ಉಳಿದವರು ಆ ನೆರಳಿಗೆ ಕೂರುತ್ತಿದ್ದರು.

ದುಂಡವ್ವ ಹೋಗುತ್ತಿದ್ದುದು ಮರಕ್ಕಾಗಿ ಅಲ್ಲ, ಹುಸೇನಬಿಗಾಗಿ. ಇಬ್ಬರದೂ ಒಂದೇ ಗೋಡೆಯ ಮನೆ, ಒಂದೇ ಬಾನಿಯಲ್ಲಿ ಕೈ ಅದ್ದಿ ಬೆಳೆದ ಜೀವ. ಓಣಿ ಮುಳುಗಿದ ಮೇಲೆ ಹುಸೇನಬಿ ಮಗನ ಜೊತೆ ಸೊಲ್ಲಾಪುರಕ್ಕೆ ಹೋಗಿದ್ದಳು. ಐದು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಎಚ್ಚರದಲ್ಲಿ ಆಕೆಯ ಬಾಯಿಂದ ಬರುತ್ತಿದ್ದುದು ಬರೀ ಉಸಿರು. ನೀಲೋಣಿಯಲ್ಲಿ ಮಾತ್ರ ಹುಸೇನಬಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಎರಡರಿಂದ ಮುಕ್ಕಾಲು ನಾಲ್ಕರವರೆಗೆ ಉಸಿರು ತಗೊಳ್ಳದೆ ಮಾತಾಡುತ್ತಿದ್ದಳು.

“ಸ್ವಲ್ಪ ತಡೀ ಮಾರಾಯ್ತಿ, ನಾನೂ ಒಂದ್ ಮಾತ ಹೇಳೂದೈತಿ” ಎನ್ನುತ್ತಿದ್ದಳು ದುಂಡವ್ವ.

“ನೀ ಮನಿಗೆ ಹೋಗಿ ಯಾರ ಹಂತ್ಯಾಕರ ಹೇಳ್ಕೊ. ನನಗ ಇಲ್ಲೇ ಹೇಳಬೇಕು” ಎನ್ನುತ್ತಿದ್ದಳು ಹುಸೇನಬಿ.

ಅದು ಎಷ್ಟು ನಿಜವೆಂದು ಇಬ್ಬರಿಗೂ ಗೊತ್ತಿತ್ತು, ಗೊತ್ತಿದ್ದುದಕ್ಕೇ ನಗುತ್ತಿದ್ದರು.

ಈ ಜೊಂಪುಪಟ್ಟಿಯ ಒಳಗುಟ್ಟು ಅಷ್ಟೇನೂ ದೊಡ್ಡದಲ್ಲ. ಕನಸಿನ ಪ್ರತಿ ಜಾಗಕ್ಕೂ ಒಂದು ಮಿಡಿತವಿದೆ. ಜೊಂಪು ಹತ್ತುವ ಹೊತ್ತಿಗೆ ಆ ಮಿಡಿತ ಮೈಗೆ ತಾಗಿದರೆ ಮಿದುಳು ಅದರ ಹಿಂದೆಯೇ ನಡೆಯುತ್ತದೆ, ಪಟ್ಟಿ ಅದನ್ನು ಜಾಗಕ್ಕೆ ಮುಟ್ಟಿಸುತ್ತದೆ. ಜಾಗವೇನೂ ಯಾವ ಕಂಪನಿಯ ಕಪಾಟಿನಲ್ಲಿ ಇರುವುದಿಲ್ಲ; ಅಲ್ಲಿಗೆ ಹೋಗುವವರ ಪಟ್ಟಿಗಳಲ್ಲೇ ಚೂರುಚೂರಾಗಿ ಇರುತ್ತದೆ. ಆದರೆ ಮಿಡಿತ ಉದ್ದ. ಅರವತ್ತನಾಲ್ಕು ಬಡಿತ, ಕೆಲವು ಗಿಡ್ಡ, ಕೆಲವು ಉದ್ದ, ನಡುನಡುವೆ ತಡೆ. ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದಕ್ಕೇ ಹೆಸರುಗಳು ಬಂದವು. ನೀವು ಹೆಸರು ಹೇಳುತ್ತೀರಿ, ಹೆಸರಿನ ಕಂಪನಿ ತನ್ನ ಪುಸ್ತಕ ನೋಡಿ ಮಿಡಿತವನ್ನು ನಿಮ್ಮ ಪಟ್ಟಿಗೆ ಕಳಿಸುತ್ತದೆ, ಪಟ್ಟಿ ನಿಮ್ಮ ಹಣೆಗೆ ಬಡಿಯುತ್ತದೆ. ಮನೆ ನಿಮ್ಮದು, ಒಳಗಿನ ಮಂದಿ ನಿಮ್ಮವರು, ಬಾಗಿಲ ಮೇಲಿನ ಹೆಸರು ಮಾತ್ರ ಬಾಡಿಗೆಯದು. ಇದನ್ನು ಕೇಳಿದಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ.

ಆ ಕಂಪನಿಯ ಹೆಸರು ‘ಹೆಸರುಮನೆ’. ಮಹಾನಂದಾ ಕೆಲಸ ಮಾಡುತ್ತಿದ್ದುದೂ ಅಲ್ಲಿಯೇ.

ಹನ್ನೆರಡು ವರ್ಷದ ಹಿಂದೆ, ಆಕೆ ಇನ್ನೂ ಕೆಲಸಕ್ಕೆ ಸೇರುವ ಮೊದಲು, ಹೆಸರುಮನೆಯ ಏಜೆಂಟನೊಬ್ಬ ಟೈ ಕಟ್ಟಿಕೊಂಡು ಕಾಲೊನಿಗೆ ಬಂದಿದ್ದ. ಜಾಗಕ್ಕೊಂದು ಹೆಸರು ನೋಂದಾಯಿಸಬೇಕು ಎಂದ. ಹೆಸರಿಡುವುದು ಅಂದ ಮೇಲೆ ಓಣಿಯ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಸಮುದಾಯ ಭವನಕ್ಕೆ ತೊಟ್ಟಿಲು ತಂದರು, ಹೂ ಕಟ್ಟಿದರು, ಗುಗ್ಗರಿ ಬೇಯಿಸಿದರು. ತೊಟ್ಟಿಲಲ್ಲಿ ಕೂಸಿನ ಬದಲು ಒಂದು ಪಟ್ಟಿ ಮಲಗಿಸಿದರು. ಓಣಿಯ ಅರ್ಧ ಮಕ್ಕಳಿಗೆ ಸೋದರತ್ತೆಯಾಗಿ ಹೆಸರಿಟ್ಟವಳು ದುಂಡವ್ವ, ಆಕೆಯೇ ಬಗ್ಗಿ, ಪಟ್ಟಿಯ ಕಿವಿ ಯಾವ ಕಡೆಗಿದೆ ಎಂದು ಏಜೆಂಟನನ್ನು ಕೇಳಿ ತಿಳಿದುಕೊಂಡು, “ಕುರ್ರ್... ನೀಲೋಣಿ” ಎಂದಳು. ಹೇಳಿ ಮುಗಿಸುವುದೇ ತಡ, ಪದ್ಧತಿಯಂತೆ ಹೆಂಗಸರೆಲ್ಲ ಮುಗಿಬಿದ್ದು ಆಕೆಯ ಬೆನ್ನಿಗೆ ಗುದ್ದಿದರು. ಹೆಸರಿಟ್ಟವಳಿಗೆ ಸಿಗುವ ಮರ್ಯಾದೆ ಅದೊಂದೇ. ಏಜೆಂಟ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಿದ್ದ.

“ಮಾಲಕರು ಯಾರು ಅಂತ ಬರೀಲಿ?” ಎಂದು ಆಮೇಲೆ ಕೇಳಿದ.

“ಹೆಸರಿಗೆ ಎಲ್ಲಿ ಮಾಲಕರಿರ್ತಾರೋ ತಮ್ಮಾ? ಇಟ್ಟಾಕಿ ನಾನು. ಕೂಸು ಎಲ್ಲಾರದು” ಎಂದಳು ದುಂಡವ್ವ. ಎಲ್ಲರೂ ಹೌದು ಹೌದು ಎಂದರು. ಏಜೆಂಟ ಆ ಜಾಗವನ್ನು ಖಾಲಿ ಬಿಟ್ಟು, ಎರಡು ದೊನ್ನೆ ಗುಗ್ಗರಿ ತಿಂದು ಹೋದ.

ಅದೊಂದು ಖಾಲಿ ಜಾಗ ಹನ್ನೆರಡು ವರ್ಷ ಸುಮ್ಮನೆ ಕೂತಿತ್ತು.

ಆ ರವಿವಾರ ಅತ್ತೆ, ಸೊಸೆ ಇಬ್ಬರೂ ಪಕ್ಕಪಕ್ಕದ ಚಾಪೆಯಲ್ಲಿ ಮಲಗಿ ಹೆಸರು ಹೇಳಿದರು. ಮಹಾನಂದಾ ಕಣ್ಣು ಬಿಟ್ಟಾಗ ಬಾನಿಗಳಿರಲಿಲ್ಲ. ಬೇವು ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ಹುಲ್ಲಿಲ್ಲದ ಒಂದು ಬಯಲು, ಸುಣ್ಣ ಬಳಿದಂಥ ಆಕಾಶ. ಬಯಲಿನ ತುಂಬ ಹೊಸ ಹಾಸಿಗೆಗಳು ಬಿದ್ದುಕೊಂಡಿದ್ದವು, ಯಾವುದರ ಮೇಲೂ ಯಾರೂ ಇರಲಿಲ್ಲ. ನಡುವೆ ಒಂದು ಬೋರ್ಡು: ‘ಈ ಹೆಸರು ಮಾರಾಟಕ್ಕಿದೆ.’ ಎಲ್ಲಿಂದಲೋ ಒಂದು ಜೇನಿನಂಥ ದನಿ, ಬೆನ್ನುನೋವಿಗೆ ಯಾವ ಹಾಸಿಗೆ ಒಳ್ಳೆಯದೆಂದು ಹೇಳುತ್ತಲೇ ಇತ್ತು. ಆಕೆ ಅತ್ತೆಯನ್ನು ಕೂಗಿದಳು. ಉತ್ತರವಿಲ್ಲ. ಬಂದ ಒಬ್ಬೊಬ್ಬರಿಗೂ ಬೇರೆ ಬೇರೆ ಬಯಲು ಕೊಟ್ಟಿದ್ದರು. ನಾಲ್ಕು ಜನರನ್ನು ಒಂದೆಡೆ ಕೂಡಿಸಲು ಖರ್ಚು ಜಾಸ್ತಿ ಎಂಬುದು ಮಹಾನಂದಾಳಿಗೆ ಕೆಲಸದಿಂದ ಗೊತ್ತಿತ್ತು.

ಆಕೆ ತಟ್ಟನೆ ಎದ್ದು ಕೂತಳು. ಪಕ್ಕದಲ್ಲಿ ದುಂಡವ್ವ ನಿದ್ದೆಯಲ್ಲೇ ತುಟಿ ಅಲ್ಲಾಡಿಸುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ, ಎಬ್ಬಿಸದಿದ್ದುದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು. ಒಂದು ತಾಸಿನ ನಂತರ ದುಂಡವ್ವ ಕಣ್ಣು ಬಿಟ್ಟಾಗ ಆಕೆಯ ಮುಖ ಬಿಸಿಲಲ್ಲಿ ನಡೆದು ಬಂದವರ ಹಾಗಿತ್ತು.

“ಎಷ್ಟ್ ದೂರ ಹೋದ್ರೂ ಹಾಸಿಗೀನ ಅದಾವ” ಎಂದಳು. “ಹುಸೇನಬಿ, ಹುಸೇನಬಿ ಅಂತ ಕೂಗೇ ಕೂಗಿನಿ. ಎಲ್ಲಿ ಹೋತವಾ ನಮ್ಮ ಓಣಿ?”

ಹೆಸರುಮನೆಯ ಉಸ್ತುವಾರಿ ಕೋಣೆ ಐದನೇ ಮಹಡಿಯಲ್ಲಿತ್ತು. ಅಲ್ಲಿ ಯಾವಾಗಲೂ ತಂಪು, ಯಾವಾಗಲೂ ಒಂದೇ ಬೆಳಕು. ಗೋಡೆಯ ತುಂಬ ಹೆಸರುಗಳು ಬಸ್ ಸ್ಟ್ಯಾಂಡಿನ ಬೋರ್ಡಿನಂತೆ ಮೇಲಕ್ಕೆ ಸರಿಯುತ್ತಿದ್ದವು: ಅಜ್ಜಿಯ ಅಂಗಳ, ಎರಡನೇ ಮಧುಚಂದ್ರ, ಗೋಲಿ ಮೈದಾನ, ಸೋಮವಾರವಿಲ್ಲದ ಊರು. ಪ್ರತಿ ಹೆಸರಿನ ಪಕ್ಕ ಅದರ ಮಿಡಿತ ಹಸಿರು ಚುಕ್ಕೆಯಾಗಿ ಮಿಣುಕುತ್ತಿತ್ತು. ಕೇಳಿದವರಿಗೆ ಮಿಡಿತ ತಪ್ಪದೆ ತಲುಪುತ್ತಿದೆಯೇ ಎಂದು ನೋಡುವುದು ಮಹಾನಂದಾಳ ಕೆಲಸ. ಊರಿನ ಮಂದಿಯನ್ನೆಲ್ಲ ಕೈಹಿಡಿದು ಅವರವರ ಕನಸಿಗೆ ಬಿಟ್ಟುಬರುತ್ತೇನೆ ಎಂದು ಆಕೆಗೆ ಒಳಗೊಳಗೇ ಹೆಮ್ಮೆಯಿತ್ತು.

ಸೋಮವಾರ ಬೆಳಿಗ್ಗೆ ಹೋದವಳೇ ನೀಲೋಣಿಯ ಸಾಲು ತೆಗೆದಳು. ಹಸಿರು ಚುಕ್ಕೆ ಮಿಣುಕಿತು: ಎರಡು ಸಾವಕಾಶ, ಮೂರು ಲಗುಬಗೆ, ಒಂದು ತಡೆದು, ಮತ್ತೆ ಎರಡು ಸಾವಕಾಶ. ಅಷ್ಟು ಕಾಣುವುದರೊಳಗೆ ಅದರ ಮೇಲೆ ಬೂದಿಬಣ್ಣದ ತೆರೆ ಬಿತ್ತು. ‘ಅವಧಿ ಮುಗಿದಿದೆ.’

ಕಾಲೊನಿಯ ಸಂಘ ವರ್ಷವರ್ಷ ಶುಲ್ಕ ಕಟ್ಟಿದ್ದು ನಿಜ. ಆದರೆ ಹನ್ನೆರಡು ವರ್ಷಕ್ಕೊಮ್ಮೆ ಮಾಲಕರು ಹೂಂ ಅನ್ನಬೇಕೆಂದು ಹೊಸ ನಿಯಮ ಬಂದಿತ್ತು. ಮಾಲಕರಿಗೆ ಮೂರು ಪತ್ರ ಹೋಗಿದ್ದವು. ಮಾಲಕರು ಯಾರು ಎಂದು ಮಹಾನಂದಾ ಪರದೆಯನ್ನು ಕೆಳಗೆ ಸರಿಸಿ ನೋಡಿದಳು. ಖಾಲಿ ಬಿಟ್ಟ ಜಾಗದಲ್ಲಿ, ‘ಅನುಕೂಲಕ್ಕಾಗಿ’ ಎಂಬ ಟಿಪ್ಪಣಿಯ ಜೊತೆ, ಹೆಸರುಮನೆ ತನ್ನ ಹೆಸರನ್ನೇ ಬರೆದುಕೊಂಡಿತ್ತು. ಅಂದರೆ ಕಂಪನಿ ತನಗೆ ತಾನೇ ಮೂರು ಪತ್ರ ಬರೆದು, ಮೂರಕ್ಕೂ ಉತ್ತರ ಬರಲಿಲ್ಲವೆಂದು ಹೆಸರನ್ನು ಕಿತ್ತುಕೊಂಡಿತ್ತು. ಮಹಾನಂದಾ ಅದನ್ನು ಎರಡು ಸಲ ಓದಿದಳು. ಎದ್ದು ಹಿರಿಯರ ಹತ್ತಿರ ಹೋದಳು.

ಉಸ್ತುವಾರಿಯ ಹಿರಿಯ ಪ್ರಹ್ಲಾದ ಗಲಗಲಿ. ಸೌಮ್ಯ ಮನುಷ್ಯ, ಮಾತಿಗೊಮ್ಮೆ ನಿಟ್ಟುಸಿರು ಬಿಡುವ ಅಭ್ಯಾಸ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟ.

“ಬಿಡಿಸಿಕೋಬಹುದು ಮಹಾನಂದಾ. ಬಿಡುಗಡೆ ಶುಲ್ಕ ಅಂತದ.” ಅಂಕಿ ತೋರಿಸಿದ. ದುಂಡವ್ವನ ಮನೆ ಮಾರಿದರೂ ಅದು ಹುಟ್ಟುತ್ತಿರಲಿಲ್ಲ.

“ಬ್ಯಾರೆ ಕಂಪನಿಗೆ ಒಯ್ದ್ರ ಸರ್?”

“ಅರವತ್ತು ದಿನ ಕೀಲಿ ಹಾಕಿರ್ತಾರ. ಆಮ್ಯಾಲ ಒಂದು ಗುಟ್ಟಿನ ಅಂಕಿ ಬೇಕು. ಅದನ್ನ ಮಾಲಕರಿಗೇ ಕಳಸ್ತೀವಿ.”

“ಮಾಲಕರು ನಾವs ಅಲ್ಲೇನ್ರಿ?”

“ಹೌದು. ನಾವು ನಮಗs ಕಳಸ್ತೀವಿ” ಎಂದು ಗಲಗಲಿ ನಿಟ್ಟುಸಿರು ಬಿಟ್ಟ. “ಕಾಯದೆ ಪ್ರಕಾರ ಎಲ್ಲಾ ಸರಿ ಅದ. ಅದs ದುಃಖ.”

ಹೊಸ ಹೆಸರಾದರೂ ಇಡೋಣವೆಂದು ಆಕೆ ಹುಡುಕಿದಳು. ‘ಹೊಸ ನೀಲೋಣಿ’ ಸಿಗುತ್ತದೆ, ಸಾಮಾನ್ಯ ದರ ಎಂದಿತು ಪರದೆ. ಅತ್ತೆಯನ್ನು ಫೋನಿನಲ್ಲಿ ಒಂದು ಮಾತು ಕೇಳಿ ಬರುವಷ್ಟರಲ್ಲಿ ಅದು ಮಾರಾಟವಾಗಿತ್ತು. ಕೊಂಡದ್ದು ಹೆಸರುಮನೆಯದೇ ಒಂದು ಅಂಗಸಂಸ್ಥೆ, ದರ ನೂರು ಪಟ್ಟು. ‘ಬಾನಿಗಟ್ಟೆ’ ಹುಡುಕಿದಳು, ಅದೂ ಹೋಯಿತು. ‘ಎರಡು ಬೇವು’, ಅದೂ. ಒಂದೊಂದು ಹೆಸರು ಮನಸ್ಸಿಗೆ ಬಂದು ಬೆರಳಿಗೆ ಇಳಿದ ಕೂಡಲೇ ಯಾರೋ ಬೆನ್ನ ಹಿಂದೆ ನಿಂತು ಎತ್ತಿಕೊಂಡು ಹೋಗುತ್ತಿದ್ದರು. ತಾನು ಐದು ವರ್ಷ ಕೆಲಸ ಮಾಡಿದ ಯಂತ್ರವೇ ಅದು. ಕೊನೆಗೆ ಏನನ್ನೂ ಹುಡುಕದೆ, ಏನನ್ನೂ ಯೋಚಿಸದೆ ಇರಲು ಪ್ರಯತ್ನಿಸುತ್ತ ಕುರ್ಚಿಯಲ್ಲಿ ಕೂತಳು. ತಾನು ಜನರನ್ನು ಕನಸಿಗೆ ಬಿಟ್ಟುಬರುವವಳಲ್ಲ, ಬಾಗಿಲಲ್ಲಿ ನಿಂತು ಅಡ್ಡಗಟ್ಟುವವಳು ಎಂದು ಆಕೆಗೆ ಅವತ್ತು ನಾಚಿಕೆಯಾಯಿತು.

ಮನೆಯಲ್ಲಿ ದುಂಡವ್ವ ಸೊಲ್ಲಾಪುರಕ್ಕೆ ಫೋನು ಹಚ್ಚಿಸಿದ್ದಳು. ಹುಸೇನಬಿಯ ಸೊಸೆ ಶಾಹಿದಾ ಅತ್ತೆಯ ಕಿವಿಗೆ ಫೋನು ಹಿಡಿದಿದ್ದಳು. ಇತ್ತಿಂದ ದುಂಡವ್ವ ಆಡಿನ ಸುದ್ದಿ, ಬಾನಿಯ ಸುದ್ದಿ, ಇಲ್ಲದ ಸುದ್ದಿಯನ್ನೆಲ್ಲ ಹೇಳಿದಳು. ಅತ್ತಿಂದ ಉಸಿರು ಮಾತ್ರ ಬಂತು. ಸ್ವಲ್ಪ ಹೊತ್ತಿಗೆ ಆ ಉಸಿರೂ ಮುರಿಯತೊಡಗಿತು.

“ಅಳಾಕತ್ತಾರ ದುಂಡವ್ವತ್ತಿ” ಎಂದಳು ಶಾಹಿದಾ. “ನಿನ್ನೀಯಿಂದ ತುತ್ತು ಮುಟ್ಟಿಲ್ಲ. ಪಟ್ಟಿ ಕಟ್ಟಂತ ಕೈಸನ್ನಿ ಮಾಡ್ತಾರ, ಕಟ್ಟಿದ್ರ ಹಾಸಿಗಿ ಅಂಗಡಿಗೆ ಹೋಗಿ ಹೆದರಿ ಏಳ್ತಾರ. ನಾ ಏನ್ ಮಾಡ್ಲಿ ಹೇಳ್ರಿ?”

ದುಂಡವ್ವ ಫೋನು ಕೆಳಗಿಟ್ಟಳು. “ಐದ ವರ್ಷ ಆಕಿ ಬಾಯಿ ಅಲ್ಲೇ ಇಟ್ಟಿದ್ಲವಾ” ಎಂದಳು. “ಕಸಗೊಂಡು ಹ್ವಾದ್ರು.” ಆಕೆಗೆ ಸಿಟ್ಟು ಬಂದಿದ್ದರೆ ಮಹಾನಂದಾ ತಡೆದುಕೊಳ್ಳುತ್ತಿದ್ದಳು. ಬಂದದ್ದು ಸಿಟ್ಟಲ್ಲ.

ಗುರುವಾರ ಮಹಾನಂದಾ ರಜೆ ಹಾಕಿ ಮನೆಯಲ್ಲೇ ಉಳಿದಳು. ಎರಡು ಗಂಟೆಯಾಯಿತು. ಕಾಲೊನಿಯ ರಸ್ತೆಯಲ್ಲಿ ಬಿಸಿಲು ಹಾಲಿನಂತೆ ಚೆಲ್ಲಿತ್ತು, ಫ್ಯಾನು ತಿರುಗುತ್ತಿತ್ತು, ದೂರದಲ್ಲಿ ಹಿನ್ನೀರು ಮಿನುಗುತ್ತಿತ್ತು. ಪಕ್ಕದ ಮನೆಯವರು ತಮ್ಮ ಆರು ತಿಂಗಳ ಕೂಸನ್ನು ದುಂಡವ್ವನ ಬಳಿ ಬಿಟ್ಟು ಹೋಗಿದ್ದರು. ಹಟ ಮಾಡುವ ಕೂಸುಗಳೆಲ್ಲ ಕಾಲೊನಿಯಲ್ಲಿ ಕಡೆಗೆ ಬಂದು ಸೇರುತ್ತಿದ್ದುದು ಆಕೆಯ ತೊಡೆಗೇ. ದುಂಡವ್ವ ಕೂಸನ್ನು ಬೋರಲು ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ, ಬೆನ್ನು ತಟ್ಟುತ್ತಿದ್ದಳು. ಆಕೆಯ ಮನಸ್ಸು ಅಲ್ಲಿರಲಿಲ್ಲ. ಕೈ ತನ್ನಷ್ಟಕ್ಕೆ ತಟ್ಟುತ್ತಿತ್ತು.

ಎರಡು ಸಾವಕಾಶ. ಮೂರು ಲಗುಬಗೆ. ಒಂದು ತಡೆದು. ಮತ್ತೆ ಎರಡು ಸಾವಕಾಶ.

ಮಹಾನಂದಾ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು. ಉಸಿರು ಬಿಗಿಹಿಡಿದು ಎಣಿಸಿದಳು. ಎಂಟಲ್ಲ, ಹದಿನಾರಲ್ಲ, ಅರವತ್ತನಾಲ್ಕು. ಅರವತ್ತನಾಲ್ಕಾದ ಮೇಲೆ ಕೈ ಒಂದು ಗಳಿಗೆ ನಿಂತು ಮತ್ತೆ ಮೊದಲಿಂದ ಶುರುವಾಯಿತು. ಹನ್ನೆರಡು ವರ್ಷ, ದಿನಾ ಮಧ್ಯಾಹ್ನ, ಪಟ್ಟಿ ಆಕೆಯ ಹಣೆಗೆ ಬಡಿದದ್ದೆಲ್ಲ ಇಳಿದು ಇಳಿದು ಅಂಗೈಯಲ್ಲಿ ಕೂತಿತ್ತು.

“ಅತ್ತೀ, ಈ ತಾಳ ಎಲ್ಲಿ ಕಲ್ತೀರಿ?”

“ಯಾ ತಾಳ?” ಎಂದು ದುಂಡವ್ವ ತನ್ನ ಕೈಯನ್ನೇ ನೋಡಿದಳು. ನೋಡಿದ್ದೇ ಲೆಕ್ಕ ತಪ್ಪಿತು. ಕೂಸು ಕುಂಯ್ ಎಂದಿತು.

“ನೋಡಬ್ಯಾಡ್ರಿ! ಕಿಡಕಿ ಕಡೆ ನೋಡ್ರಿ. ಸುಮ್ನ ತಟ್ಟರಿ.”

ಮಿಡಿತ ಬರಬೇಕಾದದ್ದು ಹೆಸರಿನ ಪುಸ್ತಕದಿಂದಲೇ ಎಂದು ಯಾವ ಯಂತ್ರ ಹೇಳಿದೆ? ಪಟ್ಟಿಗೆ ಬೇಕಾದದ್ದು ಜೊಂಪಿನ ಮೈಯಲ್ಲಿ ಆ ಬಡಿತ. ಅದು ಹಣೆಗೆ ಬಿದ್ದರೇನು, ಬೆನ್ನಿಗೆ ಬಿದ್ದರೇನು. ಕೂಸು ನಿದ್ದೆ ಹೋದ ಮೇಲೆ ಮಹಾನಂದಾ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಬೋರಲು ಮಲಗಿದಳು. ಬಾಯಿ ಬಿಡಲಿಲ್ಲ, ಹೆಸರು ಹೇಳಲಿಲ್ಲ. ದುಂಡವ್ವ ಕಿಟಕಿಯಾಚೆ ನೋಡುತ್ತ ಸೊಸೆಯ ಬೆನ್ನು ತಟ್ಟಿದಳು. ಮೂವತ್ತನಾಲ್ಕು ವರ್ಷದ ಹೆಂಗಸನ್ನು ಹೀಗೆ ಯಾರೂ ಮಲಗಿಸುವುದಿಲ್ಲ. ಮಹಾನಂದಾಳ ಕಣ್ಣು ತಾನಾಗಿ ತುಂಬಿ, ತಾನಾಗಿ ಮುಚ್ಚಿತು.

ಬಾನಿಗಳಿದ್ದವು.

ಗಳಗಳ ಮೇಲೆ ನೂಲು ಒಣಗುತ್ತಿತ್ತು. ಬೇವು ಎಡಕ್ಕೂ ಇತ್ತು, ಬಲಕ್ಕೂ ಇತ್ತು. ನೀಲಿಕಾಲಿನ ಆಡು ಓಣಿಯ ನಡುವೆ ನಿಂತು, ನಾಲ್ಕು ದಿನದಿಂದ ಯಾರೂ ಯಾಕೆ ಬಂದಿಲ್ಲ ಎನ್ನುವಂತೆ ಆಕೆಯನ್ನೇ ನೋಡುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಗಟಾರದ ನೀರಿನ ಸಪ್ಪಳವನ್ನು ಅಷ್ಟು ಸ್ಪಷ್ಟವಾಗಿ ಆಕೆ ಎಂದೂ ಕೇಳಿರಲಿಲ್ಲ. ಹುಸೇನಬಿಯ ಕಟ್ಟೆಯನ್ನು ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಆಕಾಶದಿಂದಲೋ ನೆಲದಿಂದಲೋ ಅತ್ತೆಯ ಅಂಗೈಯ ಬಡಿತ ಮೆಲ್ಲಗೆ ಬರುತ್ತಿತ್ತು. ಆ ಖಾಲಿ ಓಣಿಯಲ್ಲಿ ಆಕೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಇಷ್ಟು ಚಂದದ್ದನ್ನು ಒಬ್ಬಳೇ ನೋಡುವುದು ಎಂಥ ಸಂಕಟ ಎಂದು ಗೊತ್ತಾಯಿತು.

“ಐತಿ ಅತ್ತೀ, ಎಲ್ಲಾ ಐತಿ” ಎನ್ನುತ್ತ ಎದ್ದಳು.

“ಹುಸೇನಬಿ?”

“ಅವರು ಬರಬೇಕು. ನೀವೂ ಹೋಗಬೇಕು. ಆದ್ರ ನಿಮ್ಮ ಬೆನ್ನ ನೀವು ತಟ್ಟಿಕೊಳ್ಳಾಕ ಬರೂದಿಲ್ಲ. ನನಗ ಕಲಸ್ರಿ.”

ಮರುದಿನ ಗಲಗಲಿ ಆಕೆಯನ್ನು ಕರೆದು ಪರದೆ ತೋರಿಸಿದ. “ನಿನ್ನೆ ಮಧ್ಯಾಹ್ನ, ಹೆಸರಿಲ್ಲದ ಒಂದು ಜಾಗದಾಗ ಒಬ್ಬರು ಓಡ್ಯಾಡ್ಯಾರ. ಹೆಸರು ಕೇಳಿಲ್ಲ, ಮಿಡಿತ ಇಲ್ಲಿಂದ ಹೋಗಿಲ್ಲ. ನೀನು ರಜಾದಾಗ ಇದ್ದಿ.”

“ಮನಿಯಾಗ ಮಲಗಿದ್ದೆ ಸರ್.”

“ಮಿಡಿತ ಇಲ್ಲಿಂದ ಒಯ್ದಿಯೇನು? ಒಯ್ದರ ನೌಕರಿ ಹೋಗ್ತದ.”

“ಇಲ್ಲ ಸರ್. ನಮ್ಮತ್ತಿ ಕೈಯಾಗ ಇತ್ತು.”

ಆಕೆ ನಡೆದದ್ದನ್ನೆಲ್ಲ ಹೇಳಿದಳು. ಗಲಗಲಿ ನಿಯಮಗಳ ಪುಸ್ತಕ ತೆರೆದು ಬಹಳ ಹೊತ್ತು ಹಾಳೆ ತಿರುವಿದ. “ಕೈ ಬಗ್ಗೆ ಇದರಾಗ ಏನೂ ಬರದಿಲ್ಲ” ಎಂದ ಕಡೆಗೆ. ಪರದೆಯ ಮೇಲಿನ ಆ ಸಾಲನ್ನು ಒರೆಸಿಹಾಕಲಿಲ್ಲ, ವರದಿಗೂ ಏರಿಸಲಿಲ್ಲ. ಸುಮ್ಮನೆ ಮೇಲಕ್ಕೆ ಸರಿದುಹೋಗಲು ಬಿಟ್ಟ. “ಎಲ್ಲಾರೂ ಲಗೂನ ಕಲ್ತುಬಿಡ್ರಿ ಮಹಾನಂದಾ. ನಾಳೆ ಅಂಗೈಗೂ ಶುಲ್ಕ ಹಾಕ್ಯಾರು.” ಅಂದು ಆತ ನಿಟ್ಟುಸಿರು ಬಿಡಲಿಲ್ಲ ಎಂಬುದನ್ನು ಆಕೆ ಗಮನಿಸಿದಳು.

ಕಲಿಯುವುದೇನು ನೀರು ಕುಡಿದಷ್ಟು ಸಲೀಸಾಗಿರಲಿಲ್ಲ. ದುಂಡವ್ವನಿಗೆ ಗೊತ್ತಿರುವುದನ್ನು ದುಂಡವ್ವ ಹೇಳಿಕೊಡಲಾರಳು, ನೆನೆದರೆ ತಪ್ಪುತ್ತಿತ್ತು. ಕೂಸನ್ನು ತೊಡೆಗೆ ಹಾಕಿ, ಊರ ಮಾತಿಗೆ ಎಳೆದು, ಆಕೆಯ ಮೈಮರೆಸಿ, ಆ ಕೈಯ ಕೆಳಗೆ ತನ್ನ ಕೈ ಇಟ್ಟು ಮಹಾನಂದಾ ಕಲಿತಳು. ಮೊದಲ ಸಲ ಆಕೆ ತಟ್ಟಿದಾಗ ಒಂದು ಬಡಿತ ಹೆಚ್ಚಾಗಿ ದುಂಡವ್ವ ಯಾರದೋ ಮದುವೆಯ ಕನಸಿಗೆ ಹೋಗಿ, ಗಂಡಿನ ಕಡೆಯವಳೆಂದು ಭಾವಿಸಿ ಅವರು ಬಡಿಸಿದ ಹೋಳಿಗೆ ಉಂಡು ಬಂದಳು. “ತುಪ್ಪ ಕಡಿಮಿ ಹಾಕಿದ್ರವಾ” ಎಂದು ದೂರಿದಳು. ಓಣಿ ಹೋದ ಮೇಲೆ ಆಕೆಯ ಮುಖದ ಮೇಲೆ ನಗು ಬಂದದ್ದು ಅದೇ ಮೊದಲು.

ಸೊಲ್ಲಾಪುರಕ್ಕೆ ತಾಳ ಫೋನಿನಲ್ಲಿ ಹೋಯಿತು. ಮಹಾನಂದಾ ತೊಡೆ ತಟ್ಟಿದಳು, ಅತ್ತ ಶಾಹಿದಾ ದಿಂಬು ತಟ್ಟಿದಳು. ಎರಡೇ ಸಲಕ್ಕೆ ಹಿಡಿದುಬಿಟ್ಟಳು. “ಹದಿನೆಂಟ ವರ್ಷ ಚಾದರದ ಮಗ್ಗದಾಗ ದುಡದಾಕಿ ನಾನು” ಎಂದಳು. “ಮಗ್ಗದ ಸಪ್ಪಳ ತಪ್ಪಿದ್ರ ಎಳಿ ಹರೀತಾವ. ನನ್ನ ಕೈಯಾಗಿಂದ ಒಂದ ಬಡಿತ ತಪ್ಪೂದಿಲ್ಲ, ನೋಡ್ಕೊಳ್ರಿ.”

ರವಿವಾರ ಮಧ್ಯಾಹ್ನ ಎರಡು ಗಂಟೆಗೆ ದುಂಡವ್ವ ತಾಟು ತೊಳೆದು ಬೋರಲು ಹಾಕಿ, ಪಟ್ಟಿ ಕಟ್ಟಿಕೊಂಡು ಮಲಗಿದಳು. ಮಲಗುವ ಮುಂಚೆ ಸೊಸೆಯ ಮುಖ ನೋಡಿದಳು.

“ನೀ ಬರೂದಿಲ್ಲ ಹಂಗಾರ?”

“ಯಾರರ ಒಬ್ಬರು ಎಚ್ಚರಿರಬೇಕಲ್ಲ ಅತ್ತೀ.”

ಹೆಸರಿಗೆ ಕೊಡುತ್ತಿದ್ದ ಬಾಡಿಗೆಯ ಬದಲು ಇನ್ನು ಮೇಲೆ ಕೊಡಬೇಕಾದದ್ದು ಇದನ್ನೇ: ಒಳಗೆ ಹೋಗುವ ಪ್ರತಿಯೊಬ್ಬರಿಗಾಗಿ ಹೊರಗೆ ಒಬ್ಬರು ಎಚ್ಚರವಿರಬೇಕು. ಪಾಳಿ ಹಚ್ಚಿಕೊಳ್ಳಬೇಕು. ಉಳಿದ ಹದಿನೇಳು ಮಂದಿಯ ಮನೆಮನೆಗೂ ಹೋಗಿ, ಬೆನ್ನಿನಿಂದ ಬೆನ್ನಿಗೆ ಇದನ್ನು ಕಲಿಸಬೇಕು. ಮಹಾನಂದಾಳಿಗೆ ಓಣಿಯ ಆಸೆ ಇರಲಿಲ್ಲವೆಂದಲ್ಲ. ನೀಲಿಕಾಲಿನ ಆಡು ನೆನಪಾಯಿತು. ಆದರೂ ಅಂಗೈಯನ್ನು ಅತ್ತೆಯ ಬೆನ್ನ ಮೇಲಿಟ್ಟು, ಕಣ್ಣನ್ನು ಕಿಟಕಿಯಾಚೆ ಕಳಿಸಿದಳು.

ಎರಡು ಸಾವಕಾಶ. ಮೂರು ಲಗುಬಗೆ. ಒಂದು ತಡೆದು.

ದಿಂಬಿನ ಪಕ್ಕದಲ್ಲಿಟ್ಟ ಫೋನಿನಿಂದ ಸೊಲ್ಲಾಪುರದ ತಾಳವೂ ಕೇಳುತ್ತಿತ್ತು. ಎರಡೂರಿನ ಎರಡು ಅಂಗೈ ಒಂದೇ ಸಲಕ್ಕೆ ಏಳುತ್ತಿದ್ದವು, ಒಂದೇ ಸಲಕ್ಕೆ ಬೀಳುತ್ತಿದ್ದವು. ದುಂಡವ್ವನ ಉಸಿರು ಉದ್ದವಾಯಿತು. ಮೊದಲು ಆಕೆಯ ಹುಬ್ಬು ಸಡಿಲವಾಯಿತು. ಆಮೇಲೆ ತುಟಿ ಅಲ್ಲಾಡಿತು, ಅಲ್ಲಾಡಿ ನಿಂತಿತು, ಮತ್ತೆ ಅಲ್ಲಾಡಲು ಹೋಗಿ ನಿಂತಿತು. ಬಾಯಿ ಹಾಕಲು ಜಾಗ ಸಿಗದ ಹೆಂಗಸಿನ ತುಟಿ ಅದು. ಮಹಾನಂದಾಳಿಗೆ ಅಷ್ಟು ಸಾಕಾಗಿತ್ತು.

“ಅಕ್ಕಾ” ಎಂದು ಫೋನಿನಲ್ಲಿ ಶಾಹಿದಾ ಪಿಸುಗುಟ್ಟಿದಳು, ಕೈ ನಿಲ್ಲಿಸದೆ. “ನಗಾಕತ್ತಾರ.”

ಮುಕ್ಕಾಲು ನಾಲ್ಕರ ಹೊತ್ತಿಗೆ ಮಹಾನಂದಾಳ ಕೈ ಜೋಮು ಹಿಡಿದು, ಭುಜದಿಂದ ಕೆಳಗೆ ತನ್ನದಲ್ಲ ಎನ್ನುವಂತಾಗಿತ್ತು. ದುಂಡವ್ವ ಕಣ್ಣು ಬಿಟ್ಟಳು. ಎದ್ದು ಕೂತು, ಪಟ್ಟಿ ಬಿಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆಯನ್ನು ಭುಜ ಹಿಡಿದು ಅತ್ತ ತಿರುಗಿಸಿದಳು. ತಿರುಗಿಸಿ, ಮೇಲೆತ್ತಿದ ಮುಷ್ಟಿಯಿಂದ ಬೆನ್ನಿಗೆ ಧಡ್ ಎಂದು ಒಂದು ಗುದ್ದು ಗುದ್ದಿದಳು.

“ಅಯ್ಯೋ ಅತ್ತೀ!”

“ಇದು ನಂದು” ಎಂದಳು ದುಂಡವ್ವ. ಮತ್ತೆ ಕೈ ಎತ್ತಿ, ಅದಕ್ಕಿಂತ ಜೋರಾಗಿ ಇನ್ನೊಂದು ಗುದ್ದು ಕೊಟ್ಟಳು.

“ಇದು ಹುಸೇನಬಿದು. ಕೊಡಂತ ಹೇಳಿ ಕಳಸ್ಯಾಳ, ಬಾಯಿಲೇ.”